ಯಾರನ್ನೂ ಬೇಗ ಇಳಿಸದ ಮೇಸ್ತ್ರಿ

ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ವಸತಿ ಸೊಸೈಟಿಗೆ ಹೊಸ ಒಳಚರಂಡಿ ಪೈಪು ಹಾಕಲು ಬಂದಿದ್ದ ಮೇಸ್ತ್ರಿ ಕಡಿಮೆ ಮಾತಿನವನು. ಹಳೆಯ ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿದ ಮೇಲೆ, ಗ್ಯಾಸ್ ಪತ್ತೆ ಮಾಡುವ ಯಂತ್ರವನ್ನು ಹಗ್ಗದಲ್ಲಿ ಒಳಗಿಳಿಸಿ, ಅದರ ಬೀಪ್ ಸದ್ದು ನಿಲ್ಲುವವರೆಗೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಅಲ್ಲಿಯತನಕ ಒಬ್ಬ ಕೆಲಸಗಾರನನ್ನೂ ಇಳಿಸುತ್ತಿರಲಿಲ್ಲ. ಸೊಸೈಟಿಯ ಸೆಕ್ರೆಟರಿಯಾಗಿದ್ದ ನಾನು ಅವಸರ ಮಾಡಿದಾಗಲೆಲ್ಲ ತಲೆಯೆತ್ತದೆ ಒಂದೇ ಮಾತು ಹೇಳುತ್ತಿದ್ದ: "ಅಭೀ ನಹೀ ಸಾಬ್, ಇನ್ನೂ ಸ್ವಲ್ಪ ತಾಳಿ."

ಅಗೆದ ರಸ್ತೆಯಿಂದಾಗಿ ಗೇಟಿನಲ್ಲಿ ಕಾರುಗಳು ಸಾಲುಗಟ್ಟುತ್ತಿದ್ದವು. ಎಲ್ಲರ ದೂರು ಕೇಳಿ ಬೇಸತ್ತು ನಾನು ಗುತ್ತಿಗೆದಾರನಿಗೆ ಫೋನ್ ಮಾಡಿದೆ.

"ಈ ಮನುಷ್ಯ ಬರೀ ಕೂತಿರ್ತಾನೆ. ಬೇರೆ ಯಾರನ್ನಾದ್ರೂ ಕಳಿಸಿ."

ಮರುದಿನವೇ ಅವನನ್ನು ದೂರದ ಮಾನೇಸರ್‌ನ ಕೆಲಸಕ್ಕೆ ಹಾಕಿದರು. ಹೊಸ ಮೇಸ್ತ್ರಿ ಮುಚ್ಚಳ ತೆಗೆಸಿದವನೇ ಇಬ್ಬರನ್ನು ಇಳಿಸಿದ. ವಿಷಗಾಳಿಗೆ ಇಬ್ಬರೂ ಒಳಗೇ ಸತ್ತರು.

ಸುದ್ದಿ ಕೇಳಿ ಹಳೆಯ ಮೇಸ್ತ್ರಿ ಸಂಜೆ ಓಡಿಬಂದ. ಸತ್ತವರು ಅವನೇ ತನ್ನ ಊರಿನಿಂದ ಕರೆತಂದಿದ್ದ ಹುಡುಗರು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ.

"ಆಂಬುಲೆನ್ಸ್ ಕರೆಸಿದ್ದು ನೀವಂತೆ ಸಾಬ್, ಉಪಕಾರ ಆಯ್ತು. ನನ್ನನ್ನ ಇಲ್ಲಿಂದ ಯಾಕೆ ತೆಗೆದ್ರೋ, ಅದೇ ಗೊತ್ತಾಗ್ತಿಲ್ಲ."

ನನಗೆ ಗೊತ್ತಿತ್ತು. "ನೀರು ಕುಡೀತೀರಾ, ಭಯ್ಯಾ?" ಎಂದಷ್ಟೇ ಕೇಳಿದೆ.