ಷಡಕ್ಷರಿಯವರ ‘ಕೀಪ್’

ಕುವೆಂಪುನಗರದಲ್ಲಿ ನಿಶ್ಚಿತಾಳ ಮನೆಯ ಮಹಡಿಗೆ ಬಾಡಿಗೆಗೆ ಬಂದಿರುವ ಷಡಕ್ಷರಿಯವರು ಊದುಬತ್ತಿ ಪೊಟ್ಟಣದ ಮೇಲಿನ ಇಂಗ್ಲಿಷನ್ನು ಸ್ಪ್ಯಾನಿಷ್‌ಗೆ ತಿರುಗಿಸುವವರು. ‘ಇಡಿ’ಯೂ ಆಗುವ, ‘ಇರಲಿ’ಯೂ ಆಗುವ ‘ಕೀಪ್’ ಎಂಬ ಪದ ಕಂಡರೆ ಸಾಕು, ಊಟ ಮರೆಯುತ್ತಾರೆ. “ಎತ್ತಿಡೋ ಗ್ವಾರ್ದಾರ್ ಅನ್ಲಾ, ಹಾಗೇ ಇರಿಸೋ ಮಾಂತೆನೇರ್ ಅನ್ಲಾ? ಮಾಡಿ ನೋಡ್ದೆ ಬರೆಯೋದು ಹೇಗೆ ಕಣಮ್ಮ?” ಎನ್ನುತ್ತ, ‘ತಂಪಾದ ಜಾಗದಲ್ಲಿಡಿ’ ಎಂದಿದ್ದರೆ ಪೊಟ್ಟಣವನ್ನು ನೀರಿನ ಮಡಕೆಯ ಪಕ್ಕ ಇಟ್ಟು ಕಾಯುತ್ತಾರೆ, ‘ಉರಿಯುತ್ತಿರಲಿ’ ಎಂದಿದ್ದರೆ ಮನೆ ತುಂಬ ಹೊಗೆ, ಕೆಳಗೆ ನಿಶ್ಚಿತಾಳಿಗೆ ಮಗು ಕೆಮ್ಮೀತೆಂಬ ದಿಗಿಲು. ‘ಮಕ್ಕಳ ಕೈಗೆ ಸಿಗದಂತಿಡಿ’ ಎಂಬುದಕ್ಕಂತೂ ಅವಳ ಪುಟ್ಟ ಮಗಳು ಲಾಸ್ಯಳನ್ನೇ ಕರೆದು, ಅವಳು ಕುರ್ಚಿ ಹತ್ತಿದಷ್ಟೂ ಪೊಟ್ಟಣವನ್ನು ಮೇಲೇರಿಸುತ್ತಾರೆ. ಮೊನ್ನೆ ಕಾರ್ಖಾನೆಯವರು ಬಂದು, “ಜಾಗ ಸಾಲ್ದು ಸಾರ್, ಮಕ್ಕಳ ಕೈಗೆ ಅನ್ನೋ ಸಾಲು ತೆಗೆದ್ಬುಡಿ” ಎಂದರು. ಎಲ್ಲಕ್ಕೂ ತಲೆಯಾಡಿಸುವ ಷಡಕ್ಷರಿಯವರು, “ಪರಿಮಳದ ಹೊಗಳಿಕೆ ಬೇಕಾದ್ರೆ ತೆಗೀರಿ, ಅದನ್ನ ಮುಟ್ಬೇಡಿ. ನಾನು ಮೂರು ವರ್ಷದವನಿದ್ದಾಗ ಊದುಬತ್ತೀಲಿ ಸುಟ್ಕೊಂಡಿದ್ದು ಇದು” ಎಂದು ಅಂಗೈ ಬಿಚ್ಚಿ ಕಲೆ ತೋರಿಸಿದರು. ಆ ಸಾಲು ಉಳಿಯಿತು. ಮಹಡಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಿಶ್ಚಿತಾ ಕೆಳಗಿಳಿದು, ದೇವರ ಗೂಡಿನ ಊದುಬತ್ತಿಯನ್ನು ಸದ್ದಿಲ್ಲದೆ ಅಟ್ಟಕ್ಕೇರಿಸಿದಳು.