ಮೂಗಿನ ಬಾವು, ಮನೆಯ ನೀಲಿ

ನನ್ನ ಮೂಗು ಕೊಂಚ ಎಡಕ್ಕೆ ನೋಡುತ್ತದೆ. ಇದರಲ್ಲಿ ವೈದ್ಯರ ತಪ್ಪಿಲ್ಲ. ಅವರ ಕೈಗೆ ಬರುವ ಮೊದಲು ಅದು ಪೂರ್ತಿ ಎಡಕ್ಕೇ ಹೊರಟುಹೋಗಿತ್ತು.

ನರಗುಂದಕ್ಕೆ ಇನ್ನೂ ರಾಜರಿದ್ದ ಕಾಲ. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ನಮ್ಮಷ್ಟು ಗಟ್ಟಿ ನೀಲಿ ಬಣ್ಣ ಊರಲ್ಲಿ ಇನ್ನಾರದೂ ಇಲ್ಲವೆಂದು ನಮ್ಮವ್ವನ ಜಂಬ. ಒಂದು ದಿನ ನೂಲು ತಂದ ಬಂಡಿಯ ಎತ್ತು ತಲೆ ಕೊಡವಿತು, ನನ್ನ ಮೂಗಿನ ಎಲುಬು ಮುರಿಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನನ್ನು ಕಂಡು ಜನ ನಗುತ್ತಾರೆ. ನನಗೆ ನೆಗಡಿಯೂ ಇರಲಿಲ್ಲ. ರೋಣದ ವೈದ್ಯರು ಕೊಯ್ದು, ಎಲುಬು ಕೂಡಿಸಿ, ಉಸಿರಾಡಲು ಹೊಳ್ಳೆಗಳಲ್ಲಿ ಟೊಳ್ಳು ಕಡ್ಡಿ ಇಟ್ಟರು.

"ತಮ್ಮಾ, ತಲಿ ಎತ್ತರಕ್ಕಿಟ್ಟು ಮಲಕೋ. ಬಗ್ಗಬ್ಯಾಡ. ತಣ್ಣೀರಿನ ಅರಿವಿ ಕಣ್ಣಿನ ಕೆಳಗ ಇಟಗೋತ ಇರು. ಎಂಟ ದಿನದಾಗ ಬಾವೂ ಇಳೀತೈತಿ, ಕಪ್ಪೂ ಹೋಗತೈತಿ."

ಮಗ್ಗದ ಕುಣಿಯಲ್ಲಿ ಬಗ್ಗಿಯೇ ಬದುಕುವವನಿಗೆ ಬಗ್ಗಬೇಡವೆಂದರೆ ಉಣ್ಣಬೇಡ ಅಂದಂತೆ. ಆದರೂ ಎರಡು ದಿಂಬಿಗೆ ಒರಗಿ ಜಹಗೀರದಾರನಂತೆ ಕೂತೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ನನಗೆ ಮುಖಕ್ಕಿಂತ ಮೂಗೇ ಭಾರವಾಗಿತ್ತು.

ಬೇಗ ಗುಣವಾಗಬೇಕೆಂಬ ಅವಸರಕ್ಕೆ ಕಾರಣವಿತ್ತು. ಒಂಬತ್ತನೆಯ ದಿನ ಇಟಗಿಯಿಂದ ಹೆಣ್ಣಿನವರು ವರನನ್ನೂ ಮನೆಯನ್ನೂ ನೋಡಲು ಬರುವವರಿದ್ದರು. ಹುಡುಗಿ ನಾಗವ್ವನನ್ನು ನಾನು ಒಮ್ಮೆ ಕಂಡಿದ್ದೆ, ಮನಸ್ಸು ಅಲ್ಲೇ ಬಿಟ್ಟು ಬಂದಿದ್ದೆ. ಕಣ್ಣ ಕೆಳಗೆ ಕಪ್ಪಿದ್ದರೆ ಬಡಿದಾಡುವ ಗಂಡೆಂದು ಅವರು ಹಿಂದಿರುಗುವುದು ಖಚಿತ.

ಅವ್ವ ಹಗಲಿಡೀ ಒದ್ದೆ ಅರಿವೆ ಇಟ್ಟಳು. ಆರನೆಯ ದಿನಕ್ಕೆ ಬಾವು ಇಳಿಯಿತು. ಕಪ್ಪು ಮಾತ್ರ ದಿನದಿನಕ್ಕೆ ಏರಿತು. ವೈದ್ಯರು ಬಂದು ನೋಡಿ, "ಇಂಥಾ ಕಪ್ಪು ನಾ ಎಲ್ಲೂ ಕಂಡಿಲ್ಲ" ಎಂದು ತಲೆ ತುರಿಸಿಕೊಂಡರು. ಅವ್ವ ಹೆದರಿ ಇನ್ನಷ್ಟು ಅರಿವೆ ಇಟ್ಟಳು.

ಒಂಬತ್ತನೆಯ ದಿನ ಬಂದವರಲ್ಲಿ ನಾಗವ್ವನ ಅಜ್ಜಿ ಇದ್ದಳು, ನೂಲಿಗೆ ಬಣ್ಣ ಹಾಕುವುದರಲ್ಲೇ ಮುದುಕಿಯಾದವಳು. ನನ್ನನ್ನು ನೋಡಿದಳು. ಹೆಬ್ಬೆರಳು ನೀರಿಗೆ ಅದ್ದಿ ನನ್ನ ಕೆನ್ನೆ ತಿಕ್ಕಿದಳು. ಬೆರಳು ನೀಲಿಯಾಯಿತು! ಅವ್ವ ಪ್ರೀತಿಯಿಂದ ಆರಿಸಿದ್ದ ಅರಿವೆ ನಮ್ಮದೇ ಹೊಸ ಸೀರೆಯ ತುಂಡು.

"ತಂಗೀ, ಹುಡುಗನ ಮೂಗು ಗಟ್ಟಿ ಕೂಡೇತಿ. ನಿಮ್ಮ ನೀಲೀನ ಗಟ್ಟಿ ಇಲ್ಲ."

ನೇಕಾರರ ಮನೆಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಅವ್ವನ ಮುಖ ಬಾಡಿತು. ನನ್ನ ಮದುವೆ ಮುಗಿಯಿತೆಂದೇ ತಿಳಿದೆ. ಅಜ್ಜಿ ನಕ್ಕಳು. "ನಮ್ಮ ನಾಗಿ ಅದ್ದಿದ ನೂಲು ಹರದ ಹೋದೀತು, ಬಣ್ಣ ಬಿಡೂದಿಲ್ಲ. ಆಕಿ ನಿಮ್ಮ ಮನೀಗೆ ಬೇಕ ಬೇಕು."

ಈಗ ಮನೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಅವ್ವ ಬಿಳಿ ಅರಿವೆ ಹುಡುಕುತ್ತಾಳೆ. ನಾಗವ್ವ ತಾನು ಅದ್ದಿದ ನೀಲಿಯನ್ನೇ ಒದ್ದೆ ಮಾಡಿ ಇಡುತ್ತಾಳೆ. ಆಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಹೆಬ್ಬೆರಳು ಒದ್ದೆ ಮಾಡಿ ಪೆಟ್ಟಾದವರ ಕೆನ್ನೆ ತಿಕ್ಕಿ ನೋಡುತ್ತಾಳೆ. ಗಟ್ಟಿ ಬಣ್ಣದವರಿಗೂ ಅಷ್ಟು ಅನುಮಾನ ಇರುವುದು ಒಳ್ಳೆಯದು.