ಸ್ತಾಮೆಂಕಾಳ ಬ್ರೆಡ್ಡಿನ ತಳ

ಡ್ಯಾನ್ಯೂಬ್ ದಂಡೆಯ ಆ ಊರಿನಲ್ಲಿ ರೋಮನ್ ಕೋಟೆಯ ಕಲ್ಲು ಸೇರದ ಮನೆ ಒಂದೂ ಇಲ್ಲ. ಒಬ್ಬರ ಹಂದಿಗೂಡಿಗೆ ಕೋಟೆ ಬಾಗಿಲಿನ ಹೊಸ್ತಿಲು, ಇನ್ನೊಬ್ಬರ ಬಾವಿಕಟ್ಟೆಗೆ ಬುರುಜಿನ ಕಲ್ಲು. ಕದ್ದಿರಾ ಎಂದು ಕೇಳಿದರೆ ಊರಿಗೆ ಊರೇ ಮುನಿಸಿಕೊಳ್ಳುತ್ತದೆ. ಅವರು ತಂದವರು, ಅಷ್ಟೇ. ಸ್ತಾಮೆಂಕಾಳ ಅತ್ತೆ ತಂದದ್ದು ಇಟ್ಟಿಗೆ. ಅವನ್ನು ಹಾಸಿ ಅಂಗಳದಲ್ಲಿ ಬ್ರೆಡ್ಡಿನ ಒಲೆ ಕಟ್ಟಿದ್ದಳು.

ಹತ್ತೊಂಬತ್ತರ ಮದುಮಗಳಾಗಿ ಬಂದ ಸ್ತಾಮೆಂಕಾ ಆ ಒಲೆಯಲ್ಲಿ ಸುಟ್ಟ ಮೊದಲ ಬ್ರೆಡ್ಡನ್ನು ಮಗುಚಿ ನೋಡಿದಾಗ ತಳದಲ್ಲಿ ಅಕ್ಷರಗಳು ತಿರುಗುಮುರುಗಾಗಿ ಮೂಡಿದ್ದವು.

"ಅತ್ತೆ, ಇದನ್ನ ಯಾರು ಬರ್ದಿದ್ದು?"

"ಬೆಂಕಿ ಬರ್ದಿದ್ದು. ತಣ್ಣಗಾಗೋಕ್ ಮುಂಚೆ ತಿನ್ನು."

ಆ ಉತ್ತರ ಅವಳಿಗೆ ಸಾಲಲಿಲ್ಲ. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ, ಕೊನೆಗೆ ಅತ್ತೆಯನ್ನು ಮಣ್ಣು ಮಾಡಿ ಬಂದ ದಿನವೂ ಅದೇ ತಲೆ ಕೊರೆಯುತ್ತಿತ್ತು. ಆ ಇಟ್ಟಿಗೆ ಮಾಡಿದವರು ಯಾರು?

ಐದು ವರ್ಷದ ಹಿಂದೆ ಕೋಟೆ ಅಗೆಸಲು ಯಸ್ನಾ ಎಂಬ ಪುರಾತತ್ವದ ಹುಡುಗಿ ಬಂದಳು, ಆಮೇಲೆ ಪ್ರತಿ ವರ್ಷವೂ ಬರುತ್ತಿದ್ದಳು. ಅಗೆಯುವವರಿಗೆ ಮಧ್ಯಾಹ್ನ ಬೀನ್ಸ್ ಕಾಳಿನ ಸಾರು, ಬ್ರೆಡ್ಡು ಒಯ್ಯುವ ಕೆಲಸ ಸ್ತಾಮೆಂಕಾಳದು. ಒಯ್ಯುವ ಮೊದಲು ಬ್ರೆಡ್ಡಿನ ತಳವನ್ನು ಕೊಯ್ದು ಹಂದಿಗೆ ಹಾಕುತ್ತಿದ್ದಳು. ಅಕ್ಷರ ಕಂಡರೆ ಇಟ್ಟಿಗೆ ವಸ್ತುಸಂಗ್ರಹಾಲಯಕ್ಕೆ, ಒಲೆ ಮಣ್ಣುಪಾಲು. ಮನೆತನ ಕಾಯುವ ಸಂತನ ಹಬ್ಬದ ಬ್ರೆಡ್ಡನ್ನು ಪಕ್ಕದ ಮನೆ ಒಲೆಯಲ್ಲಿ ಸುಟ್ಟವಳು ಎನಿಸಿಕೊಳ್ಳುವುದು ಆ ಊರಿನ ಹೆಂಗಸಿಗೆ ಸಣ್ಣ ಮಾತಲ್ಲ.

"ಚಿಕ್ಕಮ್ಮ, ನಿಮ್ ಬ್ರೆಡ್ಡಿಗೆ ತಳಾನೇ ಇಲ್ವಲ್ಲ!" ಎಂದು ಯಸ್ನಾ ರೇಗಿಸುತ್ತಿದ್ದಳು.

"ಸೀದ್ ಹೋಗತ್ತೆ ಮಗಳೇ. ವಯಸ್ಸಾಯ್ತು ನೋಡು."

ಊರಿಗೇ ಒಳ್ಳೆಯ ಬ್ರೆಡ್ಡು ಸುಡುವವಳು ಹೀಗೆ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡಳು, ಪಾಪ.

ಈ ಅಕ್ಟೋಬರಿನ ಕೊನೆಗೆ ಯಸ್ನಾ ಸಪ್ಪೆ ಮುಖ ಹಾಕಿಕೊಂಡು ಒಂದು ಇಟ್ಟಿಗೆ ಚೂರು ತೋರಿಸಿದಳು. ಹೂಣರು ಕೋಟೆ ಸುಡುವ ಮೊದಲು ಅಲ್ಲಿದ್ದ ಸೈನ್ಯದ ದಳ ತಾನು ಮಾಡಿದ ಇಟ್ಟಿಗೆಗೆ ಒತ್ತಿದ ಹೆಸರಿನ ಮುದ್ರೆ ಅದು.

"ಅರ್ಧ ಹೆಸರಿದೆ, ಇನ್ನರ್ಧ ಎಲ್ಲೂ ಸಿಕ್ತಿಲ್ಲ. ಕುದುರೆಯವರೋ ದೋಣಿಯವರೋ ಗೊತ್ತಾಗ್ತಿಲ್ಲ. ನಾಡಿದ್ದು ಹೊರಡ್ತೀವಿ ಚಿಕ್ಕಮ್ಮ. ಮತ್ತೆ ಅಗೆಯೋಕೆ ಒಪ್ಪಿಗೆ ಇಲ್ವಂತೆ."

ಅದೇ ಮುದ್ರೆ ಪೂರ್ತಿಯಾಗಿ ಒಲೆಯ ಇಟ್ಟಿಗೆಯಲ್ಲಿತ್ತು; ಆ ಇನ್ನರ್ಧ ಸ್ತಾಮೆಂಕಾಳ ಬೆರಳಿಗೆ ಬಾಯಿಪಾಠ. ಮನೆಗೆ ಬಂದು, ಯಸ್ನಾಳಿಗೆ ಬ್ರೆಡ್ಡಿನ ತಳ ತೋರಿಸುತ್ತೇನೆಂದು ಗಂಡ, ಮೀನುಗಾರ ರಾದೊಯ್ಕೊನಿಗೆ ಹೇಳಿದಳು.

"ತಲೆ ಕೆಟ್ಟಿದ್ಯಾ ನಿಂಗೆ? ಹಬ್ಬಕ್ಕೆ ಹತ್ತು ದಿನ ಇಲ್ಲ! ಸತ್ತು ಸಾವಿರದೈನೂರು ವರ್ಷ ಆದೋರ ಹೆಸರು ಕಟ್ಕೊಂಡು ಏನಾಗ್ಬೇಕು?"

"ನಲವತ್ತು ವರ್ಷ ಅವರ ಹೆಸರು ತಿಂದಿದೀವಿ. ಯಾರದ್ದು ಅಂತಾದ್ರೂ ತಿಳ್ಕೊಂಡು ಸಾಯ್ತೀನಿ."

ಮರುದಿನ ತಳದ ಸಮೇತ ಬ್ರೆಡ್ಡು ಒಯ್ದು ಯಸ್ನಾಳ ತೊಡೆಯ ಮೇಲೆ ಬೋರಲಾಗಿ ಇಟ್ಟಳು. ಯಸ್ನಾ ಫೋನಿನಲ್ಲಿ ಚಿತ್ರ ತೆಗೆದು, ತಿರುಗಿಸಿ ಓದಿ, ದಡಕ್ಕನೆ ಎದ್ದಳು.

"ದೋಣಿಯವರು! ಚಿಕ್ಕಮ್ಮ, ನದಿ ಕಾಯೋ ದೋಣಿಯವರು!" ಆಮೇಲೆ ದನಿ ಇಳಿಯಿತು. "ಆದ್ರೆ... ಬ್ರೆಡ್ ತೋರ್ಸಿದ್ರೆ ಯಾರೂ ನಂಬಲ್ಲ."

"ಗೊತ್ತು. ಗುದ್ದಲಿ ತಗೊಂಡು ಬಾ."

ಒಲೆಗೆ ಮೊದಲ ಏಟು ಸ್ತಾಮೆಂಕಾ ತಾನೇ ಹಾಕಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ದೋಣಿಯವರು ಎಂದು ಕೇಳಿದ್ದೇ ತಡ, ರಾದೊಯ್ಕೊ ಅಂಗಿಯ ತೋಳು ಮಡಚಿಕೊಂಡು ಬಂದ. "ನಾನು ಮೊದ್ಲೇ ಹೇಳಿರ್ಲಿಲ್ವಾ, ನಮ್ಮೋರೇ ಅಂತ!" ಎಂದ. ಅವನು ಯಾವತ್ತೂ ಹೇಳಿರಲಿಲ್ಲ.

ಇಟ್ಟಿಗೆ ಎದ್ದು ಬಂತು. ಯಸ್ನಾ ಅದನ್ನು ಮಗುಚಿ, ಅಡಿಭಾಗಕ್ಕೆ ಅಂಟಿದ್ದ ಅತ್ತೆಯ ಕಾಲದ ಜೇಡಿಮಣ್ಣನ್ನು ಮೆಲ್ಲಗೆ ಕೆರೆದಳು. ಮಣ್ಣಿನ ಕೆಳಗೆ ಕಪ್ಪು ಮಸಿ. ನಲವತ್ತು ವರ್ಷದ ಹೊಗೆ ಅಲ್ಲಿಗೆ ಹೋಗಲು ದಾರಿಯೇ ಇರಲಿಲ್ಲ.

"ಇದು ಕೋಟೆಯಲ್ಲೂ ಒಲೆಗೇ ಹಾಸಿದ್ದು ಚಿಕ್ಕಮ್ಮ. ಮಗುಚಿ ಹಾಸಿದ್ರು, ಅಷ್ಟೇ. ಇದರ ಮೇಲೆ ಯಾರೋ ಬ್ರೆಡ್ ಸುಡ್ತಿದ್ರು."

ಸ್ತಾಮೆಂಕಾ ಇಟ್ಟಿಗೆಯ ಪಕ್ಕ ಬಂದು ಕೂತಳು. ಇಟ್ಟಿಗೆ ಮಾಡಿದವರು ಯಾರೆಂದು ಇಷ್ಟು ವರ್ಷ ಕೇಳಿದ್ದಳು. ಅದರ ಮುಂದೆ ತನ್ನಂತೆಯೇ ಬಗ್ಗಿ ಬೆವರಿದವರು ಇದ್ದರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಒಲೆ ಹೋದ ಸಂಕಟದ ನಡುವೆಯೇ ಅವಳಿಗೆ ವಿಪರೀತ ಸಂತೋಷವಾಯಿತು.

"ಸಂಗ್ರಹಾಲಯದಲ್ಲಿ ಇದನ್ನ ತೊಳೀತಾರಾ?"

"ತೊಳೀತಾರೆ."

"ಅಕ್ಷರದ ಕಡೆ ಮಸಿ ನಂದು, ಬೇಕಾದ್ರೆ ತೊಳ್ಕೊಳ್ಳಿ. ಈ ಕಡೆದು ಮಾತ್ರ ಮುಟ್ಬೇಡಿ."

ಯಸ್ನಾ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿದಳು. "ಎರಡೂ ಕಡೆದು ಮುಟ್ಟೋಕೆ ಬಿಡಲ್ಲ ಚಿಕ್ಕಮ್ಮ."